ಜಾನುವಾರಿ ತಿಂಗಳು

ವರ್ಷಕ್ಕೆ ಹನ್ನೊಂದು ತಿಂಗಳು ನಮ್ಮ ಚಿಕ್ಕಪ್ಪನಷ್ಟು ನೆಟ್ಟಗಿದ್ದ ಮನುಷ್ಯ ರಾಜಘಟ್ಟದ ಸುತ್ತಮುತ್ತ ಇನ್ನೊಬ್ಬ ಇರಲಿಲ್ಲ. ಬೇಕಾದರೆ ನಮ್ಮೂರಿನ ಹಳಬರನ್ನು ಕೇಳಿ ನೋಡಿ. ಹೌದು ಹೌದು ಅಂತ ತಲೆದೂಗುತ್ತಾರೆ. ಆಮೇಲೆ ಒಂದು ಸಲ ಗಂಟಲು ಸರಿಮಾಡಿಕೊಂಡು, "ಆದ್ರೆ ಜನವರೀಲಿ ನೋಡ್ಬೇಕಿತ್ತು" ಅನ್ನುತ್ತಾರೆ. ಆ 'ಆದ್ರೆ' ಇದೆಯಲ್ಲ, ಅದನ್ನೇ ಈಗ ಹೇಳಹೊರಟಿದ್ದೇನೆ.

ಜನವರಿ ಅಂದರೆ ನಿಮಗೆ ಇಂಗ್ಲಿಷ್ ವರ್ಷದ ಮೊದಲ ತಿಂಗಳು, ಅಷ್ಟೇ ತಾನೆ? ನಮ್ಮ ಚಿಕ್ಕಪ್ಪನಿಗೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅವನ ಪ್ರಕಾರ ಆ ಹೆಸರು ಇಂಗ್ಲಿಷೇ ಅಲ್ಲ, ಅಚ್ಚ ನಮ್ಮದು. ಮೂಲದಲ್ಲಿ ಅದು 'ಜಾನುವಾರಿ'. ಅಂದರೆ ಜಾನುವಾರುಗಳ ತಿಂಗಳು! ದೊರೆಗಳು ನಮ್ಮ ರೈತರ ಬಾಯಿಂದ ಕೇಳಿ ಕಲಿತರು, ಅವರ ನಾಲಗೆ ಹೊರಳಲಿಲ್ಲ, ಜನವರಿ ಆಯಿತು. ಯಾರಾದರೂ ನಕ್ಕರೆ ಅವನ ಉತ್ತರ ಸಿದ್ಧವಾಗಿತ್ತು. "ಬೆಂಗ್ಳೂರ್ನೇ ಬ್ಯಾಂಗ್ಲೋರ್ ಮಾಡ್ಕಂಡೋರು ಜಾನುವಾರುನ ಬಿಡ್ತಾರಾ?"

ಸಾಕ್ಷಿಗಳಿಗೇನು ಬರವೆ? ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರುವುದು ಅದೇ ಆಸುಪಾಸಿಗೆ. ಸಂಕ್ರಾಂತಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವುದು ಅದೇ ತಿಂಗಳು. ಒಕ್ಕಣೆ ಮುಗಿದು ಹೊಸ ರಾಗಿಹುಲ್ಲು ಮೆದೆಗೆ ಏರುವುದೂ ಆಗಲೇ. ಮನುಷ್ಯರ ಪಾಲಿಗೆ ನೋಡಿದರೆ ಅರ್ಧ ತಿಂಗಳು ಧನುರ್ಮಾಸ, ಮದುವೆಯೂ ಇಲ್ಲ, ಗೃಹಪ್ರವೇಶವೂ ಇಲ್ಲ. "ಮನುಸ್ರಿಗೆ ಬಾಗ್ಲು ಹಾಕಿ ದನಗಳಿಗೆ ತೆಗ್ದಿರೋ ತಿಂಗ್ಳು ಕಣಪ್ಪ ಇದು" ಅಂತ ಅವನು ಜಗಲಿಯ ಮೇಲೆ ಕೂತು ಹೇಳುತ್ತಿದ್ದರೆ, ನಗುವುದಕ್ಕೆಂದು ಬಂದವರೂ ಸ್ವಲ್ಪ ಹೊತ್ತು ಹೌದಲ್ಲವೇ ಎಂದು ಯೋಚಿಸುತ್ತಿದ್ದರು.

ಇವನು ನನ್ನ ಅಪ್ಪನ ಒಬ್ಬನೇ ತಮ್ಮ. ಹೆಬ್ಬೆಟ್ಟಿನ ಮನುಷ್ಯ, ಶಾಲೆಯ ಹೊಸ್ತಿಲು ತುಳಿದವನಲ್ಲ. ವಯಸ್ಸಿನಲ್ಲಿ ಬೆಂಗಳೂರಿನ ದಂಡಿಗೆ, ಬಿಳಿಯರ ಕಂಟೋನ್ಮೆಂಟಿಗೆ, ಹೋಗಿ, ಅಲ್ಲೊಬ್ಬ ದೊರೆಯ ಬಂಗಲೆಯಲ್ಲಿ ಹಸುಗಳನ್ನು ನೋಡಿಕೊಂಡಿದ್ದ. ಚಿಕ್ಕಮ್ಮ ಚೊಚ್ಚಲ ಹೆರಿಗೆಗೆಂದು ನೆಲಮಂಗಲದ ಕಡೆ ತವರಿಗೆ ಹೋದವಳು ಅಲ್ಲೇ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆಮೇಲೆ ಅವನು ಕೆಲಸ ಬಿಟ್ಟು ಊರಿಗೆ ಬಂದ. ಮತ್ತೆ ಮದುವೆಯಾಗು ಅಂತ ಎಷ್ಟು ಜನ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನಾಗ ಲಂಗ ಎಳೆದುಕೊಂಡು ಓಡಾಡುವ ಐದಾರು ವರ್ಷದ ಹುಡುಗಿ. ದಂಡಿನಿಂದ ಅವನು ತಂದದ್ದು ಒಂದು ತಗಡಿನ ಪೆಟ್ಟಿಗೆ, ಒಂದು ಖಾಕಿ ಕೋಟು, ನಾಲ್ಕು ಇಂಗ್ಲಿಷ್ ಮಾತು, ಜೊತೆಗೆ ಈ ಜನವರಿ.

ಒಂದನೇ ತಾರೀಖು ಬಂತೆಂದರೆ ನಮ್ಮ ಕೊಟ್ಟಿಗೆಯಲ್ಲಿ ಹೊಸ ವರ್ಷ. ಮಾಗಿಯ ಚಳಿಗೆ ನಾವು ಕಂಬಳಿಯಿಂದ ಮೂಗು ಹೊರಗೆ ಹಾಕಲು ಹೆದರುತ್ತಿದ್ದರೆ ಇವನು ದನಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ಉಜ್ಜಿ ತರುತ್ತಿದ್ದ. ಆಮೇಲೆ ಒಂದೊಂದರ ಮುಂದೆಯೂ ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಗಂಭೀರವಾಗಿ "ಆಪಿ ನೂ ಇಯರ್" ಅನ್ನುವುದು. ಎತ್ತುಗಳು ಎರಡು, ಬಿಳಿಯ ಮತ್ತು ಕರಿಯ. ಕೆಂಪಿ ಎಂಬ ಹಸು. ಮಿಕ್ಕ ಹಸು, ಕರು, ಎಮ್ಮೆ ಸೇರಿ ಒಟ್ಟು ಎಂಟು. ಎಂಟಕ್ಕೂ ಬಿಡಿಬಿಡಿಯಾಗಿ ಹೇಳಬೇಕು, ಒಟ್ಟಿಗೆ ಹೇಳಿದರೆ ಅವಮಾನವಂತೆ. ನಮಗೆ? ನಮಗೇನೂ ಇಲ್ಲ! ಮನುಷ್ಯರ ಹೊಸ ವರ್ಷ ಯುಗಾದಿಗೆ, ಅಲ್ಲಿಯವರೆಗೆ ತೆಪ್ಪಗಿರಬೇಕು.

ದೊರೆಯ ಬಂಗಲೆಯಲ್ಲಿ ಆ ದಿನ ಕೇಕು ಕೊಯ್ಯುತ್ತಿದ್ದರಂತೆ. ಕೇಕು ಇಲ್ಲದ ಹೊಸ ವರ್ಷ ಉಂಟೆ? ಚಿಕ್ಕಪ್ಪ ಬೇಯಿಸಿದ ಹುರುಳಿ, ಕಡಲೆಕಾಯಿ ಹಿಂಡಿ, ರಾಗಿಹಿಟ್ಟು, ಬೆಲ್ಲ ಎಲ್ಲವನ್ನೂ ಕಲಸಿ, ಬಾಣಲೆಯಲ್ಲಿ ತಟ್ಟಿ, ಬಾಳೆ ಎಲೆಯ ಮೇಲೆ ಮಗುಚಿ, ಕುಡುಗೋಲಿನಿಂದ ಎಂಟು ಭಾಗ ಮಾಡುತ್ತಿದ್ದ. ಒಂದು ವರ್ಷ ಇದನ್ನು ಜಗಲಿಯ ಮೇಲೆ ಆರಲು ಇಟ್ಟಿದ್ದಾಗ ಊರಿನ ಪಟೇಲರು ಕಂದಾಯದ ಮಾತಿಗೆಂದು ಬಂದರು. ಯುದ್ಧದ ಕಾಲ, ಸಕ್ಕರೆಗೆ ಪರದಾಟ, ಸಿಹಿ ಎಂಬುದನ್ನು ಕಂಡು ಎಷ್ಟು ದಿನವಾಗಿತ್ತೋ ಪಾಪ. ಅಮ್ಮ ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ದೊಡ್ಡ ತುಂಡು ಪಟೇಲರ ಹೊಟ್ಟೆ ಸೇರಿತ್ತು. ಮೀಸೆ ಒರೆಸಿಕೊಂಡು, ಚೆನ್ನಾಗೈತೆ, ಒಂದು ಚಿಟಿಕೆ ಉಪ್ಪು ಬೀಳಬೇಕಿತ್ತು ಅಂದರು. ಆಗ ತಾನೆ ಕೊಟ್ಟಿಗೆಯಿಂದ ಬಂದ ಚಿಕ್ಕಪ್ಪ ಎಲೆಯನ್ನೂ ಅವರನ್ನೂ ನೋಡಿ, ಕೈಮುಗಿದು, "ನಮ್ ಬಿಳಿಯಾನೂ ಹಂಗೇ ಅಂದ ಗೌಡ್ರೇ" ಅಂದ. ಅಂದಿನಿಂದ ಪಟೇಲರು ಜನವರಿಯಲ್ಲಿ ನಮ್ಮ ಮನೆಯ ನೀರನ್ನೂ ಮೂಸಿ ನೋಡಿ ಕುಡಿಯುತ್ತಿದ್ದರು.

ಇನ್ನು ಶಪಥದ ವಿಚಾರ. ಹೊಸ ವರ್ಷದ ದಿನ ದೊರೆಸಾನಿ ಏನಾದರೊಂದು ಕೆಟ್ಟ ಅಭ್ಯಾಸ ಬಿಡುತ್ತೇನೆಂದು ಮಾತು ಕೊಡುತ್ತಿದ್ದಳಂತೆ. ಚಿಕ್ಕಪ್ಪನಿಗೆ ಈ ಪದ್ಧತಿ ಬಹಳ ಹಿಡಿಸಿತ್ತು, ಆದರೆ ತಾನು ಬಿಡಲು ತನ್ನಲ್ಲಿ ಕೆಟ್ಟ ಅಭ್ಯಾಸವೇ ಇಲ್ಲ ಎಂಬುದು ಅವನ ಪ್ರಾಮಾಣಿಕ ನಂಬಿಕೆ! ಹಾಗಾಗಿ ದನಗಳ ಪರವಾಗಿ ಶಪಥ. ಕೆಂಪಿ ಹುಟ್ಟಾ ಕಳ್ಳಿ. ಹಗ್ಗ ಸಡಿಲಾದರೆ ಸಾಕು, ಶಾನುಭೋಗರ ಅವರೆ ಹೊಲದಲ್ಲಿ ಪ್ರತ್ಯಕ್ಷ. ಚಿಕ್ಕಪ್ಪ ಅವಳ ಕಿವಿ ಹಿಡಿದು, ಇನ್ನು ಮೇಲೆ ಪರರ ಹೊಲಕ್ಕೆ ಬಾಯಿ ಹಾಕುವುದಿಲ್ಲ ಅಂತ ಅವಳ ಪರವಾಗಿ ತಾನೇ ಮೂರು ಸಲ ಹೇಳಿದ. ನಾಲ್ಕನೆಯ ದಿನ ಶಾನುಭೋಗರು ಅವಳನ್ನು ಹಗ್ಗ ಸಮೇತ ಎಳೆದುಕೊಂಡು ಬಂದರು. ಏನಯ್ಯಾ ನಿನ್ನ ಹಸುವಿನ ಶಪಥ ಅಂತ ಅವರು ರೇಗಿದರೆ ಇವನು ಹೆಮ್ಮೆಯಿಂದ ಕೆಂಪಿಯ ಬೆನ್ನು ಸವರುತ್ತಾ ಹೇಳಿದ್ದೇನು ಗೊತ್ತೆ? "ದೊರೆಸಾನೀದು ಎಲ್ಡೇ ದಿನ ನಿಲ್ತಿತ್ತು ಸ್ವಾಮಿ. ನಮ್ ಕೆಂಪಿ ಮೂರು ದಿನ ತಡ್ಕಂಡ್ಲು."

ಇಷ್ಟಾದರೂ ಮಿಕ್ಕ ಹನ್ನೊಂದು ತಿಂಗಳ ಮನುಷ್ಯನಿಗೆ ನಾನು ಎಷ್ಟು ಋಣಿ ಎಂಬುದನ್ನು ಹೇಳದಿದ್ದರೆ ನನ್ನ ನಾಲಗೆ ಸುಟ್ಟುಹೋಗಲಿ. ನಮ್ಮೂರ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಅದರಾಚೆ ಓದಬೇಕೆಂದರೆ ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲು. ಹೆಣ್ಣು ಮಗು ಅಷ್ಟು ದೂರ ಒಂಟಿಯಾಗಿ ಹೋಗುವುದುಂಟೆ ಅಂತ ಅಪ್ಪ ಅಲ್ಲಿಗೇ ನಿಲ್ಲಿಸಲು ನೋಡಿದ. ಚಿಕ್ಕಪ್ಪ ಮಾರನೆಯ ದಿನವೇ ಪೇಟೆಗೆ ತಿಂಗಳ ಲೆಕ್ಕದಲ್ಲಿ ಹಾಲು ಹಾಕುವ ವರ್ತನೆ ಹಿಡಿದುಕೊಂಡು ಬಂದ. ದಿನಾ ಬೆಳಿಗ್ಗೆ ಮುಂದೆ ಹಾಲಿನ ಕ್ಯಾನು ಹೊತ್ತ ಅವನು, ಹಿಂದೆ ಚೀಲ ಹೊತ್ತ ನಾನು. ಮಗ್ಗದ ಸದ್ದು ಕೇಳಿಸುವ ತನಕ ನಡೆದರೆ ಪೇಟೆ ಬಂತೆಂದು ಲೆಕ್ಕ. ಸಂಜೆಯ ತನಕ ಅವನು ಹಿಂಡಿ ಕೊಳ್ಳುವ ನೆಪದಲ್ಲಿ ಪೇಟೆಯಲ್ಲೇ ತಿರುಗಿಕೊಂಡಿದ್ದು ನನ್ನನ್ನು ಕರೆದುಕೊಂಡು ವಾಪಸು ಬರುತ್ತಿದ್ದ. ದಿನಕ್ಕೊಂದು ಸಲ ಹಿಂಡಿ ಕೊಳ್ಳುವ ರೈತನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆ ಶಾಲೆಯಲ್ಲಿ ಒಂದು ದಿನ ನಮ್ಮ ಮೇಷ್ಟ್ರು ಜನವರಿ ಎಂಬ ಹೆಸರು ಹೇಗೆ ಬಂತು ಎಂದು ಕೇಳಿದರು. ಗೊತ್ತಿರುವ ಪ್ರಶ್ನೆ! ನಾನು ಚಂಗನೆ ಎದ್ದು ಜಾನುವಾರುಗಳ ಕಥೆಯನ್ನು ಸಾಕ್ಷಿ ಸಮೇತ ಒಪ್ಪಿಸಿದೆ. ತರಗತಿ ನಕ್ಕ ನಗುವಿಗೆ ಪಕ್ಕದ ಬೀದಿಯ ಮಗ್ಗಗಳು ನಿಂತುಹೋದವು ಅಂದರೆ ಅದು ಉತ್ಪ್ರೇಕ್ಷೆ, ಆದರೆ ನನಗೆ ಹಾಗೇ ಕೇಳಿಸಿತು. ಮೇಷ್ಟ್ರು ನಗಲಿಲ್ಲ. ರೋಮಿನ ಜನಕ್ಕೆ ಜೇನಸ್ ಎಂಬ ಒಬ್ಬ ಬಾಗಿಲ ದೇವರಿದ್ದ, ಅವನಿಗೆ ಎರಡು ಮುಖ, ಒಂದು ಕಳೆದ ವರ್ಷವನ್ನು ನೋಡುತ್ತದೆ, ಇನ್ನೊಂದು ಬರುವ ವರ್ಷವನ್ನು ನೋಡುತ್ತದೆ, ಅವನ ಹೆಸರಿನಿಂದಲೇ ಜನವರಿ ಎಂದು ತಿಳಿಸಿ ಹೇಳಿದರು.

ಸಂಜೆ ದಾರಿಯಲ್ಲಿ ಚಿಕ್ಕಪ್ಪನ ಮೇಲೆ ಸಿಟ್ಟು ತೀರಿಸಿಕೊಂಡೆ. ಮಾರನೆಯ ಬೆಳಿಗ್ಗೆ ಅವನು ಹಾಲಿನ ಕ್ಯಾನಿನ ಜೊತೆಗೇ ಶಾಲೆಯೊಳಕ್ಕೆ ನಡೆದ. ನಾನು ಬಾಗಿಲ ಹಿಂದೆ ನಿಂತು ಭೂಮಿ ಬಾಯಿ ಬಿಡಬಾರದೆ ಅಂದುಕೊಂಡೆ.

"ಒಂದು ಮೈ, ಎಲ್ಡು ಮುಖ ಅಂದ್ರಂತಲ್ಲ ಸ್ವಾಮಿ. ಅದು ನೊಗಕ್ಕೆ ಕಟ್ಟಿದ ಜೋಡೆತ್ತು. ಯಾರೋ ದೂರದಿಂದ ನೋಡಿ ದೇವ್ರು ಅಂದವ್ರೆ."

ಮೇಷ್ಟ್ರು ತಾಳ್ಮೆಯಿಂದ, ಒಂದು ಮುಖ ಹಿಂದಕ್ಕೆ ಒಂದು ಮುಖ ಮುಂದಕ್ಕೆ ನೋಡುತ್ತದಲ್ಲಪ್ಪ, ಎತ್ತುಗಳು ಹಾಗೆ ನೋಡುತ್ತವೆಯೇ ಎಂದರು.

"ನಮ್ಮವು ಹಂಗೇ ನೋಡದು. ಬಿಳಿಯ ಹೊಲದ ಕಡೆ ನೋಡ್ತಾನೆ, ಕರಿಯ ಮನೆ ಕಡೆ ನೋಡ್ತಾನೆ."

ಆಗ ಮೇಷ್ಟ್ರು ನಕ್ಕರು ನೋಡಿ! ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಚಿಕ್ಕಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಈ ಹುಡುಗಿಯನ್ನು ಮಾತ್ರ ಶಾಲೆ ಬಿಡಿಸಬೇಡಿ, ಬರುವ ವರ್ಷ ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ, ಪಾಸಾದರೆ ಇವಳೇ ಒಂದು ಶಾಲೆಯಲ್ಲಿ ಮೇಡಮ್ಮು ಆಗಬಹುದು ಎಂದರು. ನಮ್ಮೂರಿನಲ್ಲಿ ಗಂಡು ಹುಡುಗರೇ ಆ ಪರೀಕ್ಷೆಯ ಹತ್ತಿರ ಸುಳಿದಿರಲಿಲ್ಲ. ಚಿಕ್ಕಪ್ಪ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. ಪರೀಕ್ಷೆಗೆ ಕೂರಿಸ್ತೀನಿ ಸ್ವಾಮಿ ಅಂದ. ಅಷ್ಟೇ. ನನಗೆ ಆ ದಿನದಿಂದ ಆ ಪರೀಕ್ಷೆಯ ಹೊರತು ಬೇರೆ ಆಸೆಯೇ ಇರಲಿಲ್ಲ.

ಆಸೆ ಪಟ್ಟದ್ದು ಕೈಗೆ ಬರುವ ಹೊತ್ತಿಗೆ ಸಂಬಂಧ ಬಂತು. ಹೊಸಕೋಟೆ ಕಡೆಯ ಅನುಗೊಂಡನಹಳ್ಳಿಯವರು. ಒಳ್ಳೆ ಮನೆತನ, ಬಾವಿ ಇರುವ ತೋಟ, ಒಬ್ಬನೇ ಮಗ. ಹುಡುಗ ಒಳ್ಳೆಯವನೇ ಇದ್ದಿರಬೇಕು, ನಾನು ಅವನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಧನುರ್ಮಾಸ ಮುಗಿದು ಸಂಕ್ರಾಂತಿ ಕಳೆದ ಕೂಡಲೇ ಬಂದು ವೀಳ್ಯ ಬದಲಾಯಿಸುವುದು, ಮಾಘದಲ್ಲಿ ಮದುವೆ ಎಂದು ಅಪ್ಪ ಮಾತು ಕೊಟ್ಟುಬಿಟ್ಟಿದ್ದ. ಪರೀಕ್ಷೆ ಇದ್ದದ್ದು ಯುಗಾದಿಯ ಆಸುಪಾಸಿಗೆ. ಎರಡು ತಿಂಗಳ ಅಂತರ! ಅಮ್ಮನ ಹತ್ತಿರ ಅತ್ತೆ. ಅವಳೂ ಅತ್ತಳು, ಆಮೇಲೆ ಹಿದುಕಿದ ಬೇಳೆಗೆ ಅವರೆಕಾಳು ನೆನೆಹಾಕಲು ಎದ್ದು ಹೋದಳು. ಕೊನೆಗೆ ಕೊಟ್ಟಿಗೆಗೆ ಹೋಗಿ ಚಿಕ್ಕಪ್ಪನ ಮುಂದೆ ನಿಂತೆ. ಅವನು ಕರುವಿನ ಮೈಯಿಂದ ಉಣ್ಣೆಹುಳ ಕೀಳುತ್ತಿದ್ದವನು ತಲೆ ಎತ್ತದೆ, ಬರುವ ನೆಂಟರು ಜನವರಿಯಲ್ಲಿ ಬರುತ್ತಾರೋ, ಕಳೆದ ಮೇಲೋ ಎಂದು ಕೇಳಿದ. ಜನವರಿಯಲ್ಲೇ ಅಂದೆ. ಹಾಗಾದರೆ ಬರಲಿ ಬಿಡು ಅಂದ.

ಅವರು ಬಂದದ್ದು ಒಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ವೀಳ್ಯ ಆಗಬೇಕು. ಗಾಡಿ ಇಳಿದದ್ದು ಒಂಬತ್ತಕ್ಕೆ. ಹೊತ್ತು ಬೇಕಾದಷ್ಟಿತ್ತು. ಆದರೆ ಕೋಟು ತೊಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದ ಚಿಕ್ಕಪ್ಪ ಹುಡುಗನ ಅಪ್ಪನ ಕೈ ಹಿಡಿದು, ಜನವರಿಯಲ್ಲಿ ಈ ಮನೆಗೆ ಬಂದವರು ಮೊದಲು ದನಗಳನ್ನು ಮಾತಾಡಿಸಿಯೇ ಒಳಗೆ ಬರುವುದು, ಹಿಂದಿನಿಂದ ನಡೆದುಬಂದ ಪದ್ಧತಿ ಎಂದು ವಿನಯವಾಗಿ ಹೇಳಿದ. ಹಿಂದಿನಿಂದ! ಏಳೆಂಟು ವರ್ಷದಿಂದ ನಡೆದುಬಂದದ್ದು!

ಒಂದು ದನಕ್ಕೆ ಒಂದು ನಿಮಿಷ ಹಿಡಿದರೂ ಎಂಟು ನಿಮಿಷ ಎಂದು ಅಪ್ಪ ಸುಮ್ಮನಿದ್ದ. ಆದರೆ ಆ ಬೀಗರೂ ರೈತರಲ್ಲವೇ? ಬಿಳಿಯನ ಬೆನ್ನಿನ ಸುಳಿ ಕಂಡು ಅವರು ಅಲ್ಲೇ ನಿಂತರು. ಚಿಕ್ಕಪ್ಪ ಬಿಳಿಯನ ತಾಯಿ, ತಾಯಿಯ ತಾಯಿ, ಅದನ್ನು ಘಾಟಿಯಲ್ಲಿ ಯಾರಿಂದ ತಂದದ್ದು, ಅವರ ಮನೆತನ ಎಂಥದ್ದು ಎಲ್ಲವನ್ನೂ ಬಿಡಿಸಿ ಹೇಳಿದ. ಬೀಗರು ಹಲ್ಲು ನೋಡಿದರು. ಗೊರಸು ನೋಡಿದರು. ತಮ್ಮ ಮನೆಯ ಎತ್ತಿಗೂ ಇಂಥದೇ ಸುಳಿ ಇರುವುದನ್ನು ವಿವರಿಸಿದರು. ಕರಿಯನ ಹತ್ತಿರ ಇಬ್ಬರಿಗೂ ಒಂದು ಸಣ್ಣ ವಾದವೇ ಆಯಿತು. ಅಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ್ದೇ ಕೆಮ್ಮಿದ್ದು. ಎಂಟನೆಯ ದನವಾದ ಎಮ್ಮೆಕರುವಿನ ಮುಂದೆ ಅವರು ನಿಂತಿದ್ದಾಗ ಯಾರೋ ಗಡಿಯಾರ ನೋಡಿ ರಾಹುಕಾಲ ಬಂತು ಅಂದರು.

ಹೋಗಲಿ, ಊಟ ಮುಗಿಸಿ ಆಮೇಲೆ ಮಾಡಿದರಾಯಿತು ಎಂದು ತೀರ್ಮಾನವಾಯಿತು. ಮುದ್ದೆ, ಹಿದುಕಿದ ಬೇಳೆ ಸಾರು, ಎಲ್ಲರೂ ಸೊಗಸಾಗಿ ಉಂಡು ಪಡಸಾಲೆಯಲ್ಲಿ ಒಂದು ಗಳಿಗೆ ಒರಗಿದರು. ಜಗಲಿಯ ಮೇಲೆ ತಾಂಬೂಲದ ತಟ್ಟೆ ಸಿದ್ಧವಾಗಿತ್ತು. ಎದ್ದು ಬಂದು ನೋಡಿದರೆ ತಟ್ಟೆಯ ಮುಂದೆ ಕೆಂಪಿ! ಎಲೆ ಇಲ್ಲ, ಬಾಳೆಹಣ್ಣಿಲ್ಲ, ಹೂವೂ ಇಲ್ಲ. ತೆಂಗಿನಕಾಯಿ ಒಂದನ್ನು ಮಾತ್ರ ಮನೆಯ ಮರ್ಯಾದೆಗೆಂದು ಬಿಟ್ಟಿದ್ದಳು. ಅವಳ ಹಗ್ಗ ಬಿಚ್ಚಿದವರು ಯಾರೆಂದು ಇವತ್ತಿಗೂ ನಾನು ಯಾರನ್ನೂ ಕೇಳಿಲ್ಲ.

ವೀಳ್ಯವನ್ನು ಹಸು ತಿಂದರೆ ಶಕುನವೋ ಅಪಶಕುನವೋ? ನೀವು ಹೇಳಬಲ್ಲಿರಾ? ಅವರಲ್ಲೇ ಒಬ್ಬ ಹಿರಿಯರು ಗೋಮಾತೆ ತಾನಾಗಿ ಬಂದು ಸ್ವೀಕರಿಸಿದ್ದು ಬಲು ಶುಭ ಎಂದರು. ಇನ್ನೊಬ್ಬರು ಹಾಗಾದರೆ ಹೆಣ್ಣನ್ನು ಯಾರು ಸ್ವೀಕರಿಸಿದ ಹಾಗಾಯಿತು ಎಂದರು. ಅರ್ಧ ಗಂಟೆ ಚರ್ಚೆಯಾಗಿ, ಹೊಸಕೋಟೆಯ ಜೋಯಿಸರನ್ನು ಕೇಳಿಕೊಂಡು ಎಂಟು ದಿನದಲ್ಲಿ ಮತ್ತೆ ಬರುತ್ತೇವೆಂದು ಗಾಡಿ ಹತ್ತಿದರು. ಚಿಕ್ಕಪ್ಪ ಬೆರಳು ಮಡಿಸಿ ಎಣಿಸಿಕೊಂಡ. ಎಂಟು ದಿನಕ್ಕೂ ಜನವರಿ ಮುಗಿಯುತ್ತಿರಲಿಲ್ಲ.

ಅಪ್ಪ ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಗೆ ಹೋದ. ನಾನು ಆಚೆ ಮಗ್ಗುಲಿನ ಗೋಡೆಯ ಹಿಂದೆ ಕರು ಕಟ್ಟುತ್ತಿದ್ದವಳು ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟೆ.

"ನಿನ್ ಜನವರಿ ಆಟನ ನನ್ ಮಗಳ ಬದುಕಿನ ಮ್ಯಾಲೆ ಆಡ್ಬ್ಯಾಡ" ಅಂದ ಅಪ್ಪ.

ಚಿಕ್ಕಪ್ಪ ದನಗಳ ಮುಂದೆ ಹುಲ್ಲು ಎಳೆದು ಹಾಕುವ ಸದ್ದು ಕೇಳಿಸಿತು.

"ಅಣ್ಣಯ್ಯ, ನಾನು ದಂಡಿನಾಗಿದ್ದಾಗ ನಂಗೊಂದು ಕಾಗದ ಬಂದಿತ್ತು" ಅಂದ ಚಿಕ್ಕಪ್ಪ. "ಅವಳ ತವರಿಂದ. ಇವತ್ತಿನ ತಂಕ ಯಾರ್ಗೂ ಹೇಳಿಲ್ಲ."

ಆಮೇಲೆ ಅವನು ಹೇಳಿದ್ದನ್ನು ನಾನು ಅವನ ಮಾತಿನಲ್ಲೇ ಹೇಳಲಾರೆ, ನನ್ನಿಂದಾಗುವುದಿಲ್ಲ. ಕಾಗದ ಬಂದಾಗ ಆ ಬಂಗಲೆಯಲ್ಲಿ ಕನ್ನಡ ಓದಬಲ್ಲವರು ಯಾರೂ ಇರಲಿಲ್ಲ. ತಮಿಳಿನ ಅಡುಗೆಯವನೊಬ್ಬನಿಗೆ ನಮ್ಮ ಅಕ್ಷರಗಳು ಅಷ್ಟಿಷ್ಟು ಗೊತ್ತಿದ್ದವು, ಭಾಷೆ ಅಷ್ಟಾಗಿ ಗೊತ್ತಿರಲಿಲ್ಲ. ಅವನು ಒಲೆಯ ಮುಂದೆ ಕೂತು ಕಾಗದದ ಮೇಲೆ ಬೆರಳಿಟ್ಟು ಒಂದೇ ಒಂದು ಮಾತನ್ನು ಬಿಡಿಸಿದ. ಜ, ನ, ವ, ರಿ. ಜಾನುವಾರಾ ಎಂದು ಇವನು ಕೇಳಿದ. ಅದೇ ಅದೇ ಅಂದ ಅವನು. ಮದುವೆಯಲ್ಲಿ ಮಾವ ಒಂದು ಕಡಸು, ಇನ್ನೂ ಕರು ಹಾಕದ ಹಸು, ಕೊಡುತ್ತೇನೆಂದು ಹೇಳಿದ್ದರು. ಓಹೋ, ಆ ಕಡಸಿನ ವಿಚಾರ ಬರೆಸಿದ್ದಾರೆ ಎಂದು ಇವನು ನಕ್ಕು ಕಾಗದವನ್ನು ಕೋಟಿನ ಜೇಬಿಗೆ ಇಟ್ಟುಕೊಂಡ. ಸಂಕ್ರಾಂತಿಗೆ ರಜೆ ಕೇಳಿ, ಸಕ್ಕರೆ ಅಚ್ಚು ಕಟ್ಟಿಸಿಕೊಂಡು ಮಾವನ ಮನೆಗೆ ಹೋದ. ಅಲ್ಲಿ ಹನ್ನೊಂದನೆಯ ದಿನದ ಕಾರ್ಯ ಮುಗಿದು ಹೋಗಿತ್ತು. ಕಾಗದ ಸೇರಲಿಲ್ಲವೇ ಎಂದು ಮಾವ ಕೇಳಿದಾಗ ಸೇರಲಿಲ್ಲ ಎಂದುಬಿಟ್ಟನಂತೆ.

"ಓದಕ್ ಬರೋರು ಒಬ್ರು ಇದ್ದಿದ್ರೆ ಸಾಕಿತ್ತು ಅಣ್ಣಯ್ಯ. ನಮ್ಮನೇಲಿ ಒಬ್ರಾದ್ರೂ ಓದ್ಲಿ. ಇನ್ನೇನೂ ಕೇಳಲ್ಲ ನಾನು."

ನಾನು ಗೋಡೆಯ ಹಿಂದೆ ನಿಂತು, ಅಷ್ಟು ವರ್ಷ ಅವನ ಜನವರಿಗೆ ಬಿದ್ದುಬಿದ್ದು ನಕ್ಕದ್ದಕ್ಕೆಲ್ಲ ಒಟ್ಟಿಗೆ ಅತ್ತೆ. ಜನವರಿ ಎಂದರೆ ಜಾನುವಾರು ಎಂದೇ ಆಗಿದ್ದರೆ ಅವನು ಕೇಳಿಸಿಕೊಂಡದ್ದು ತಪ್ಪಾಗುವುದಿಲ್ಲವಲ್ಲ! ಊರನ್ನೂ, ಮೇಷ್ಟ್ರನ್ನೂ, ಪಟೇಲರನ್ನೂ ಒಪ್ಪಿಸಿದರೆ ಒಂದು ದಿನ ತನ್ನನ್ನೂ ಒಪ್ಪಿಸಿಕೊಳ್ಳಬಹುದು ಎಂದು ಆ ಜೀವ ಲೆಕ್ಕ ಹಾಕಿತ್ತೋ ಏನೋ.

ಬೆಳಿಗ್ಗೆ ನಾನು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಹತ್ತಿರ ಬಂದು, ನಿನ್ನ ಪರೀಕ್ಷೆ ಯಾವತ್ತು ಎಂದು ಕೇಳಿದ. ನನ್ನ ಓದಿನ ಬಗ್ಗೆ ಅವನು ಕೇಳಿದ ಮೊದಲ ಮಾತು ಅದು. ಪರೀಕ್ಷೆ ಮುಗಿಯುವ ತನಕ ಕಾಯಬೇಕೆಂದು ಅನುಗೊಂಡನಹಳ್ಳಿಗೆ ಹೇಳಿ ಕಳಿಸಿದ. ಅವರು ಕಾಯಲಿಲ್ಲ. ಅದೇ ಮಾಘದಲ್ಲಿ ಬೇರೆ ಹೆಣ್ಣು ತಂದುಕೊಂಡರು, ಚೆನ್ನಾಗಿ ಬಾಳಿದರೆಂದು ಆಮೇಲೆ ಕೇಳಿದೆ. ಬಿಳಿಯನ ಸುಳಿಯನ್ನು ಮಾತ್ರ ಆ ಬೀಗರು ಬಹಳ ವರ್ಷ ನೆನೆಸಿಕೊಳ್ಳುತ್ತಿದ್ದರಂತೆ.

ಪರೀಕ್ಷೆಯ ಅಷ್ಟೂ ದಿನ ಚಿಕ್ಕಪ್ಪ ಗಾಡಿ ಕಟ್ಟಿದ. ನನ್ನನ್ನು ಒಳಗೆ ಬಿಟ್ಟು ಹೊರಗೆ ಹುಣಸೆ ಮರದ ಕೆಳಗೆ ಕೂತಿರುತ್ತಿದ್ದ. ಯಾರಿಗಾಗಿ ಕಾಯುತ್ತೀಯಪ್ಪ ಎಂದು ಜವಾನ ಕೇಳಿದರೆ, ನಮ್ಮನೇಲಿ ಓದೋರೊಬ್ರು ಅವ್ರೆ ಅಂದನಂತೆ. ನಾನು ಪಾಸಾದೆ. ಫಲಿತಾಂಶ ಬಂದ ದಿನ ಅಮ್ಮ ಊರಿಗೆಲ್ಲ ಬೆಲ್ಲ ಹಂಚಿದಳು. ಪಟೇಲರು ಮಾತ್ರ ಅಭ್ಯಾಸಬಲದಿಂದ ಒಂದು ಸಲ ಮೂಸಿ ನೋಡಿ ಬಾಯಿಗೆ ಹಾಕಿಕೊಂಡರು.

ಮಧ್ಯಾಹ್ನ ಮನೆ ನಿಶ್ಶಬ್ದವಾದ ಮೇಲೆ ಚಿಕ್ಕಪ್ಪ ನನ್ನನ್ನು ಕೊಟ್ಟಿಗೆಗೆ ಕರೆದ. ಎಲೆಯಡಿಕೆ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವ ಹಾಗಿತ್ತು.

"ಯಾರ ಕೈಗೂ ಕೊಟ್ಟಿಲ್ಲ. ಇದ್ರಾಗೆ ಏನೈತೋ ಓದು ಮಗ."

ನನ್ನ ಕಡೆ ನೋಡದೆ ಕಂಬ ಹಿಡಿದುಕೊಂಡು ಕರುವನ್ನು ನೋಡುತ್ತಾ ನಿಂತ. ನಾನು ಬಿಡಿಸಿದೆ. ಆ ಊರಿನ ಮೇಷ್ಟ್ರು ಬರೆದದ್ದಿರಬೇಕು, ಅಕ್ಷರ ಮುತ್ತಿನಂತಿತ್ತು. ಎಲ್ಲ ಕಾಗದಗಳ ಹಾಗೆ ಮೊದಲು ಇಲ್ಲಿ ಎಲ್ಲರೂ ಕ್ಷೇಮ ಎಂದಿತ್ತು. ಅದರ ಕೆಳಗೆ, ಅವಳಿಗೆ ದಿನ ತುಂಬಿದೆ, ಮೈಯಲ್ಲಿ ಸ್ವಸ್ಥವಿಲ್ಲ, ಜನವರಿ ಒಂದನೇ ತಾರೀಖಿನೊಳಗೆ ತಪ್ಪದೆ ಬರುವುದು, ನಿಮ್ಮನ್ನೇ ಕೇಳುತ್ತಾಳೆ ಎಂದಿತ್ತು.

ನಾನು ಗಟ್ಟಿಯಾಗಿ ಓದಿದೆ. ಇಲ್ಲಿ ಎಲ್ಲರೂ ಕ್ಷೇಮ. ಜಾನುವಾರುಗಳೆಲ್ಲ ಸುಖವಾಗಿವೆ. ನಿಮಗೆ ಕೊಡಬೇಕಾದ ಕಡಸು ಈಗ ಗಬ್ಬವಾಗಿದೆ. ಅವಳೂ ಆರೋಗ್ಯವಾಗಿದ್ದಾಳೆ. ಅವಸರವೇನಿಲ್ಲ, ಹಬ್ಬಕ್ಕೆ ಬಂದರೆ ಸಾಕು.

ಇನ್ನೊಂದು ಸಲ ಓದು ಅಂದ ಅವನು. ಓದಿದೆ. ಕಣ್ಣು ಮಂಜಾಗಿತ್ತು. ಎಲ್ಲರೂ ಕ್ಷೇಮ, ಜಾನುವಾರುಗಳೆಲ್ಲ ಸುಖ ಎಂದು ಹೇಳಿಕೊಂಡು ಹೋದವಳು, ಕಡಸು ಕರು ಹಾಕಿದೆ ಎಂದುಬಿಟ್ಟೆ.

ಅಯ್ಯೋ! ಒಂದೇ ಕಾಗದದಲ್ಲಿ ಒಂದು ಸಲ ಗಬ್ಬ, ಇನ್ನೊಂದು ಸಲ ಕರು! ಅಕ್ಷರ ಬಾರದ ಮನುಷ್ಯನಿರಬಹುದು, ಕಡಸಿನ ವಿಚಾರದಲ್ಲಿ ಅವನ ಕಿವಿ ತಪ್ಪಿಸಲು ಸಾಧ್ಯವೇ? ನಾನು ತಲೆ ತಗ್ಗಿಸಿಕೊಂಡು ನಿಂತೆ. ಚಿಕ್ಕಪ್ಪ ಮೆಲ್ಲಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಕಾಗದವನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

"ಚೆಂದಾಗಿ ಓದ್ತೀಯ ಮಗ" ಅಂದ. "ಇನ್ನೂ ಓದು."

ಆ ಕಾಗದವನ್ನೇ ಮತ್ತೊಮ್ಮೆ ಓದು ಅಂದನೋ, ಶಾಲೆಯಲ್ಲಿ ಮುಂದಕ್ಕೆ ಓದು ಅಂದನೋ ನನಗೆ ಗೊತ್ತಾಗಲಿಲ್ಲ. ಎರಡನ್ನೂ ಓದಿದೆ.